ಹಸುವಿನ ಬಾಯಿಗೆ ಕೈ ಹಾಕಿದ್ದೆ, ಈಗ ರೇಬೀಸ್ ಅಂತಿದ್ದಾರೆ

ತೋಟದಮನೆ, ತೀರ್ಥಹಳ್ಳಿ ಕಡೆ:
ನಮ್ಮ ಗಿಡ್ಡ ಹಸು ಗೌರಿ ನಿನ್ನೆ ಸತ್ತಿತು. ನಾಲ್ಕು ದಿನದ ಹಿಂದೆ ಮೇವು ಬಿಟ್ಟಿತ್ತು. ಬಾಯಿಂದ ನೂಲಿನ ಹಾಗೆ ಜೊಲ್ಲು ಇಳಿಯುತ್ತಿತ್ತು. ಮಾವಿನ ಗೊರಟು ಗಂಟಲಲ್ಲಿ ಸಿಕ್ಕಿರಬೇಕು ಅಂತ ಕೈ ಒಳಗೆ ಹಾಕಿ ತಡಕಿದೆ. ಏನೂ ಸಿಗಲಿಲ್ಲ. ಹುಲ್ಲು ಕೊಯ್ಯುವಾಗ ಕತ್ತಿ ತಾಗಿ ಬೆರಳಲ್ಲಿ ಹಸಿ ಗಾಯ ಇತ್ತು. ಮಾರನೇ ದಿನದಿಂದ ಗೌರಿ ಗಂಟಲು ಒಡೆದ ಸ್ವರದಲ್ಲಿ ಒಂದೇ ಸಮ ಕೂಗುತ್ತಿತ್ತು. ಪಶುವೈದ್ಯರು ರೇಬೀಸ್ ಇರಬಹುದು ಅಂದರು. ಹೋದ ತಿಂಗಳು ಬೀದಿನಾಯಿಯೊಂದು ಅದರ ಮೂತಿಗೆ ಕಚ್ಚಿತ್ತು. ನನಗೆ ಯಾವುದೂ ಕಚ್ಚಿಲ್ಲ, ಆದರೂ ಇಂಜೆಕ್ಷನ್ ಬೇಕಾ? ಹಾಲು ಕಾಯಿಸಿ ಮಗಳಿಗೆ ಕೊಟ್ಟಿದ್ದೇವೆ, ಪಕ್ಕದ ಮನೆಗೂ ಹೋಗಿದೆ. ರಾತ್ರಿಯಿಡೀ ನಿದ್ದೆ ಇಲ್ಲ.

ನಿವೃತ್ತ ಜಾನುವಾರು ಪರಿವೀಕ್ಷಕ:
ತಮ್ಮಾ, ಓದಿದ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಕಚ್ಚಲೇಬೇಕು ಅಂತಿಲ್ಲ. ಹಸಿ ಗಾಯಕ್ಕೆ ಜೊಲ್ಲು ತಾಗಿದರೆ ಅದು ಮೂರನೇ ಕೆಟಗರಿ, ಅಂದರೆ ಅತಿ ಹೆಚ್ಚು ಅಪಾಯದ್ದು. ಈಗಲಾದರೂ ಸೋಪು ಹಚ್ಚಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೊಡಬೇಕು, ಅದನ್ನು ಬಾಯಿಬಿಟ್ಟು ಕೇಳಿ. ಲಸಿಕೆ ಮೈಯಲ್ಲಿ ಹಿಡಿಯಲು ಒಂದೆರಡು ವಾರ ಬೇಕು, ಅಲ್ಲಿವರೆಗೆ ನಿಮ್ಮನ್ನು ಕಾಪಾಡುವುದು ಈ ಇಮ್ಯುನೋಗ್ಲಾಬ್ಯುಲಿನ್ನೇ. ಚರ್ಮದೊಳಗೆ ಹಾಕುವ ಲಸಿಕೆಯಾದರೆ 0 (ಮೊದಲ ಡೋಸ್ ಹಾಕಿದ ದಿನ), 3, 7, 28ನೇ ದಿನ ತಪ್ಪಿಸಬೇಡಿ. ನಾಲ್ಕು ದಿನ ಆಯ್ತಲ್ಲ ಅಂತ ಸುಮ್ನೆ ಕೂರಬೇಡಿ, ಈಗಲೂ ಹಾಕುತ್ತಾರೆ.

ಕಾಯಿಸಿದ ಹಾಲಿಂದ ರೇಬೀಸ್ ಬರುವುದಿಲ್ಲ. ಮಗಳ ಚಿಂತೆ ಬಿಡಿ. ಹಸಿ ಹಾಲು ಯಾರಾದರೂ ಕುಡಿದಿದ್ದರೆ ಡಾಕ್ಟರಿಗೆ ಹೇಳಿ.

ನನ್ನ ಸರ್ವಿಸ್‌ನಲ್ಲಿ ಹೀಗೆ ಗೊರಟು ಹುಡುಕಲು ಕೈ ಹಾಕಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಹೊಸದರಲ್ಲಿ ಒಂದು ಎಮ್ಮೆಗೆ ನಾನೂ ಬರಿಗೈ ಹಾಕಿ, ಪೂರ್ತಿ ಕೋರ್ಸ್ ತಗೊಂಡಿದ್ದೆ. ಜೊಲ್ಲು ಸುರಿಸುವ ದನದ ಬಾಯಿಗೆ ಗ್ಲೌಸ್ ಇಲ್ಲದೆ ಕೈ ಹಾಕಲೇಬಾರದು.

ಕೊಪ್ಪದ ಅಕ್ಕ:
ಗಂಜಿ ಕುಡಿಸಿದವರು, ಬಾಯಿ ಒರೆಸಿದವರು ಯಾರು? ಮನೆಯ ಹೆಂಗಸರನ್ನೂ ಕೇಳಿ ನೋಡಿ. ಹಸುವನ್ನು ಆಳವಾಗಿ ಹೂಳಿದ್ದೀರಿ ತಾನೇ?

ತೋಟದಮನೆ:
ಈಗ ಆಸ್ಪತ್ರೆಯಿಂದ ಬಂದೆವು. ಬೆರಳಿಗೇ ಚುಚ್ಚಿದರು, ತುಂಬಾ ನೋವಾಯಿತು. ಕೊಪ್ಪದ ಅಕ್ಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಮೂರು ದಿನವೂ ಜೊಲ್ಲು ಒರೆಸಿದ್ದು ಅಮ್ಮ. ಅಡಿಕೆ ಸುಲಿದು ಅವರ ಬೆರಳ ತುದಿ ಪೂರ್ತಿ ಒಡೆದಿದೆ. ಅವರಿಗೂ ಹಾಕಿಸಿದೆ. ಗುಂಡಿ ಆಳ ತೆಗೆದು ಸುಣ್ಣ ಹಾಕಿ ಹೂಳಿದ್ದೇವೆ. ಇನ್ನು ಮೂರು ದಿನಕ್ಕೆ ಎರಡನೇ ಡೋಸ್, ಇಬ್ಬರೂ ಬೆಳಗಿನ ಬಸ್ಸಿಗೇ ಹೋಗುತ್ತೇವೆ.