ಸಹಾಯ ಬೇಕು: ಸಾರ್ಕ್ ಕೈನೇಸ್‌ನ ಆಲ್ಫಾ-ಸಿ ಹೆಲಿಕ್ಸ್ ಒಳಗ ಬಂದದ್ದು ಯಾಕ?

ನಮಸ್ಕಾರ್ರೀ. ಹುಬ್ಬಳ್ಳಿ-ಧಾರವಾಡ ಕಡೆ ಎಮ್ಮೆಸ್ಸಿಗೆ ಬಯೋಕೆಮಿಸ್ಟ್ರಿ ಕಲಿಸೋರು, ಪ್ರೋಟೀನ್ ರಚನೆ ಮ್ಯಾಲೆ ಕೆಲಸ ಮಾಡೋರು ಸ್ವಲ್ಪ ನೋಡ್ರಿ.

ಮನುಷ್ಯರ ಸಾರ್ಕ್ (Src) ಕೈನೇಸ್, ಅಂದ್ರ ಬ್ಯಾರೆ ಪ್ರೋಟೀನಿಗೆ ಫಾಸ್ಫೇಟ್ ಹಚ್ಚೋ ಕಿಣ್ವ, ಅದರ ಎರಡು ಪಿಡಿಬಿ ಫೈಲ್ (ಪ್ರೋಟೀನ್ ರಚನೆಗಳ ಡೇಟಾಬೇಸಿನ ಫೈಲ್) ಹೋಲಿಸಬೇಕಾಗೇದ. 2ಎಸ್‌ಆರ್‌ಸಿ ಅನ್ನೋದು ಬಂದ್ ಆಗಿರೋ ರೂಪ. ಬಾಲದಾಗ ಫಾಸ್ಫೇಟ್ ಹತ್ತಿದ ಟೈರೋಸಿನ್ 527 ಎಸ್‌ಎಚ್2 ಡೊಮೇನಿಗೆ (ಪ್ರೋಟೀನಿನ ಒಂದು ಭಾಗ) ಕಚ್ಚಿಕೊಂಡದ, ಎಸ್‌ಎಚ್3 ಡೊಮೇನ್ ನಡುವಿನ ಜೋಡಣೆ ಎಳೆ (ಲಿಂಕರ್) ಹಿಡಕೊಂಡದ, ಕೈನೇಸ್ ಭಾಗದಾಗಿನ ಆಲ್ಫಾ-ಸಿ ಹೆಲಿಕ್ಸ್ (ಸುರುಳಿ) ಹೊರಗ ಸರದದ. ಹಂಗಾಗಿ ಲೈಸಿನ್ 295 - ಗ್ಲುಟಮೇಟ್ 310 ಸಾಲ್ಟ್ ಬ್ರಿಡ್ಜ್ (ಧನ-ಋಣ ವಿದ್ಯುದಂಶದ ಅಮೈನೋ ಆಮ್ಲಗಳ ಕೊಂಡಿ) ಕಡದದ. ಇನ್ನೊಂದು ಫೈಲ್ 1ವೈ57ರಾಗ ಬಾಲ ಬಿಚ್ಚೇದ, ಹೆಲಿಕ್ಸ್ ಒಳಗದ, ಬ್ರಿಡ್ಜ್ ಕೂಡೇದ.

ಮೊದಲು ನಂಬರಿನಾಗ ದಾರಿ ತಪ್ಪಿತ್ತು. 2ಎಸ್‌ಆರ್‌ಸಿದಾಗ ಇರೋದು ಕೋಳಿ ಸಾರ್ಕ್‌ನ ನಂಬರ್ (ಮನುಷ್ಯರ ಪ್ರೋಟೀನಿಗೆ ಕೋಳಿ ಲೆಕ್ಕ!). ಯೂನಿಪ್ರಾಟ್ (ಪ್ರೋಟೀನ್ ಸೀಕ್ವೆನ್ಸ್ ಡೇಟಾಬೇಸ್)ನ ಮನುಷ್ಯರ ಸೀಕ್ವೆನ್ಸಿಗೆ ಹೊಂದಿಸಲಿಕ್ಕೆ ಈ ನಂಬರಿಗೆ 3 ಕೂಡಿಸಬೇಕು: 295, 310, 416, 527 ಹೋಗಿ 298, 313, 419, 530 ಆಗ್ತಾವ. ಆಮ್ಯಾಲೆ ಪೈಮಾಲ್‌ನಾಗ (ರಚನೆ ನೋಡೋ ಸಾಫ್ಟ್‌ವೇರ್) ಇಡೀ ಪ್ರೋಟೀನ್ ಅಲೈನ್ ಮಾಡಿದ್ರ, ಅಂದ್ರ ಒಂದರ ಮ್ಯಾಲೆ ಒಂದು ಕೂಡಿಸಿದ್ರ, ಎಲ್ಲಾ ಅಡ್ಡಾದಿಡ್ಡಿ ಬಂತು, ಯಾಕಂದ್ರ ಎಸ್‌ಎಚ್ ಡೊಮೇನ್‌ಗಳ ಜಾಗಾನ ಬ್ಯಾರೆ. ಕೈನೇಸ್‌ನ ಸಿ-ಲೋಬ್ (ಎರಡು ಭಾಗದಾಗ ಬಾಲದ ಕಡೆದ್ದು) ಅಷ್ಟ ಹಿಡದು ಅಲೈನ್ ಮಾಡಿದ ಮ್ಯಾಲೆ ಹೆಲಿಕ್ಸ್ ಸರದದ್ದು ಸ್ವಚ್ಛ ಕಂಡ್ತು.

ಸಿಕ್ಕೊಂಡಿದ್ದು ಇಲ್ಲೆ. 1ವೈ57ರಾಗ ಟೈರೋಸಿನ್ 416ಕ್ಕ ಫಾಸ್ಫೇಟ್ ಇಲ್ಲ. ಪೂರಾ ಚಾಲೂ ಆಗಲಿಕ್ಕೆ ಅದು ಬೇಕು ಅಂತ ಓದೇವಿ. ಮತ್ತ ಎಟಿಪಿ (ಫಾಸ್ಫೇಟ್ ಕೊಡೋ ಅಣು) ಕೂಡೋ ಜಾಗಾದಾಗ ಒಂದು ಇನ್‌ಹಿಬಿಟರ್ (ಕಿಣ್ವ ತಡೆಯೋ ಅಣು) ಬ್ಯಾರೆ ಕುಂತದ.

ಹಂಗಾದ್ರ ಹೆಲಿಕ್ಸ್ ಒಳಗ ಬಂದದ್ದು ಬಾಲ ಬಿಚ್ಚಿದ್ದಕ್ಕೋ, ಇನ್‌ಹಿಬಿಟರ್ ಹಿಡದು ನಿಲ್ಲಿಸಿದ್ದಕ್ಕೋ? ಈ ಎರಡನ್ನೂ ಬಿಡಿಸಿ ತೋರಿಸಲಿಕ್ಕೆ ಇನ್ಯಾವ ರಚನೆ ಜೋಡಿಸಿ ನೋಡಬೇಕು, ಹೇಳ್ರಿ.