ನಲವತ್ತೆರಡಕ್ಕೆ ಸಂಗೀತ ಶುರು ಮಾಡಿದೆ, ಅಲಂಕಾರಕ್ಕೆ ಬಂದು ನಿಂತಿದೆ. ಹುರುಪು ಉಳಿಸಿಕೊಳ್ಳೋದು ಹೇಗೆ?

ಭದ್ರಾನಾಲೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಬ್ಯಾಂಕಿನಲ್ಲಿ ಕೆಲಸ, ಮಗಳು ಪಿಯುಸಿ. ಚಿಕ್ಕವಳಿದ್ದಾಗಿಂದ ಸಂಗೀತ ಕಲಿಯಬೇಕು ಅಂತ ಆಸೆ ಇತ್ತು, ಆಗ ಮನೆಯಲ್ಲಿ ಅನುಕೂಲ ಇರಲಿಲ್ಲ. ಹೋದ ವರ್ಷ ವಿಜಯದಶಮಿಗೆ ನಮ್ಮ ಬಡಾವಣೆಯಲ್ಲೇ ಇರುವ ಮೇಷ್ಟ್ರ ಹತ್ತಿರ ಹಾಡುಗಾರಿಕೆಗೆ ಸೇರಿದೆ.

ಮೊದಮೊದಲು ತುಂಬಾ ಚೆನ್ನಾಗಿತ್ತು. ಮೊದಲ ಸ್ವರಪಾಠ ಸರಳೆ ವರಸೆ ಬೇಗ ಬಂತು. ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಸೆಯೂ ಪರವಾಗಿಲ್ಲ ಅನ್ನೋ ಹಾಗೆ ಬಂತು. ಬೆಳಿಗ್ಗೆ ಅಲಾರಂ ಹೊಡೆಯೋಕೆ ಮುಂಚೆ ಎದ್ದು ಕೂರುತ್ತಿದ್ದೆ. ಅಡುಗೆ ಮಾಡುತ್ತಾ, ಬಸ್ಸಿಗೆ ಕಾಯುತ್ತಾ ಬಾಯಲ್ಲಿ ಅದೇ. ಈಗ ಅಲಂಕಾರಕ್ಕೆ, ಅಂದರೆ ಬೇರೆ ಬೇರೆ ತಾಳದ ಸ್ವರಪಾಠಕ್ಕೆ ಬಂದಿದ್ದೇವೆ. ಧ್ರುವ, ಮಠ್ಯ, ರೂಪಕ ತಾಳ ಹೇಗೋ ದಾಟಿತು. ಝಂಪೆಗೆ ಬಂದು ಕೈ ಒಂದು ಕಡೆ, ಬಾಯಿ ಒಂದು ಕಡೆ. ನಾಲ್ಕು ಪಟ್ಟು ವೇಗದ ಮೂರನೇ ಕಾಲಕ್ಕಂತೂ ಗಂಟಲು ಕಟ್ಟಿಬಿಡುತ್ತದೆ. ಜೊತೆಗೆ ಸೇರಿದ ಮಕ್ಕಳು ಮುಂದಿನ ಪಾಠ ಗೀತೆಗೆ ಹೋಗಿದ್ದಾರೆ. ಅವರು ಮುಂದೆ ಹೋದರು ಅಂತ ಹೊಟ್ಟೆಕಿಚ್ಚು ಇಲ್ಲ. ಆದರೆ ಅವರು ಹಾಡುವಾಗ ನಾನು ಇಲ್ಲಿ ಯಾಕೆ ಕೂತಿದ್ದೇನೆ ಅನ್ನಿಸುತ್ತದೆ.

ಈಚೆಗೆ ಬೆಳಿಗ್ಗೆ ಏಳುತ್ತೇನೆ, ತಂಬೂರಿ ಆ್ಯಪ್ ಹಾಕುತ್ತೇನೆ, ಆಮೇಲೆ ಮನಸ್ಸೇ ಬರೋದಿಲ್ಲ. ಆಸೆ ಹೋಗಿಲ್ಲ. ಯಾರಾದರೂ ಚೆನ್ನಾಗಿ ಹಾಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆಸೆ ಇದ್ದೂ ಕೂರೋಕೆ ಆಗದೇ ಇರೋದಕ್ಕೆ ಏನು ಮಾಡೋದು? ಕೆಲಸ, ಮನೆ ಎರಡರ ನಡುವೆ ದೊಡ್ಡವರಾದ ಮೇಲೆ ಏನಾದರೂ ಕಲಿತವರು ಇದ್ದರೆ ದಯವಿಟ್ಟು ಹೇಳಿ. ಸಂಗೀತವೇ ಆಗಬೇಕು ಅಂತಿಲ್ಲ.

ಮಂದ್ರಪಂಚಮ:

ನಾನು ಮೈಸೂರಿನಲ್ಲಿ ಸಂಗೀತ ಹೇಳಿಕೊಡುತ್ತೇನೆ. ದೊಡ್ಡವರು ತುಂಬಾ ಜನ ಬರುತ್ತಾರೆ, ಅದರಲ್ಲಿ ಜಾಸ್ತಿ ಜನ ನಿಲ್ಲೋದು ನೀವು ನಿಂತಿರುವ ಜಾಗದಲ್ಲೇ. ಹಾಗಾಗಿ ನಿಮ್ಮ ಪತ್ರ ಓದಿ ಸುಮ್ಮನಿರೋಕೆ ಆಗಲಿಲ್ಲ.

ಇಲ್ಲೇ ಯಾಕೆ ನಿಲ್ಲುತ್ತಾರೆ ಅಂದರೆ ಸರಳೆ, ಜಂಟಿ ಎರಡೂ ಆದಿತಾಳ. ಎಂಟು ಎಣಿಕೆ. ಸ್ವರಗಳು ನಾಲ್ಕು ನಾಲ್ಕಾಗಿ ಬರುತ್ತವೆ, ಕೈ ತಾನಾಗೇ ಹೋಗುತ್ತದೆ, ತಾಳದ ಕಡೆ ಗಮನ ಕೊಡದಿದ್ದರೂ ನಡೆದುಬಿಡುತ್ತದೆ. ಅಲಂಕಾರದಲ್ಲಿ ಏಳು ತಾಳ. ಧ್ರುವಕ್ಕೆ 14 ಅಕ್ಷರ, ಅಂದರೆ ಎಣಿಕೆ, ಮಠ್ಯಕ್ಕೆ 10, ರೂಪಕಕ್ಕೆ 6. ಝಂಪೆಗೂ ಹತ್ತೇ, ಆದರೆ ಅದು ಕೂಡುವ ರೀತಿ ಬೇರೆ. 7ರ ಲಘು (ಒಂದು ತಟ್ಟಿ ಉಳಿದದ್ದನ್ನು ಬೆರಳಲ್ಲಿ ಎಣಿಸೋದು), ಆಮೇಲೆ ಒಂದು ಅನುದ್ರುತ (ಒಂದೇ ತಟ್ಟು), ಒಂದು ದ್ರುತ (ತಟ್ಟಿ ಕೈ ಮಗುಚೋದು). ಅಲ್ಲಿವರೆಗೆ ನಾಲ್ಕರ ಲಘು ಹಾಕಿ ಹಾಕಿ ಪಳಗಿದ ಕೈಗೆ ಏಕ್‌ದಂ ಏಳು ಎಣಿಸು ಅಂದರೆ ತಬ್ಬಿಬ್ಬಾಗುತ್ತದೆ. ನಿಮಗೆ ಬರೋದಿಲ್ಲ ಅಂತಲ್ಲ, ಇಲ್ಲಿ ಹೊಸದೊಂದು ಶುರುವಾಗಿದೆ ಅಷ್ಟೇ.

ಹೀಗೆ ಮಾಡಿ. ಒಂದು ವಾರ ಝಂಪೆಯನ್ನು ಹಾಡಲೇಬೇಡಿ. ಬರೀ ಕೈ. ಒಂದು ತಟ್ಟು, ಕಿರುಬೆರಳಿಂದ ಹೆಬ್ಬೆರಳವರೆಗೆ ಐದು, ಮತ್ತೆ ಕಿರುಬೆರಳು. ಅಲ್ಲಿಗೆ ಏಳಾಯಿತು. ಆಮೇಲೆ ಒಂದು ತಟ್ಟು. ಆಮೇಲೆ ಇನ್ನೊಂದು ತಟ್ಟಿ ಕೈ ಮಗುಚಿ. ಹತ್ತು. ಎರಡನೇ ಸಲ ಕಿರುಬೆರಳಿಗೆ ವಾಪಸ್ ಬರುವ ಕಡೆ ಎಲ್ಲರೂ ತೊಡರುತ್ತಾರೆ. ಅಲ್ಲಿ ನಿಧಾನ ಮಾಡಿ. ಕೈ ಸಲೀಸಾದ ಮೇಲೆ ರಾಗ ಇಲ್ಲದೆ ಮಾತಿನ ಹಾಗೆ ಸ್ವರ ಹೇಳಿ. ಸರಿಗಸರಿಸರಿ ಅಂದಾಗ ಏಳು ಮುಗಿಯುತ್ತದೆ, ಗ ಅನುದ್ರುತಕ್ಕೆ, ಮಾ ದ್ರುತಕ್ಕೆ. ಆಮೇಲೆ ಹಾಡಿ. ಇದನ್ನು ಬ್ಯಾಂಕಿನಲ್ಲಿ ಊಟದ ಹೊತ್ತಿಗೂ ಮಾಡಬಹುದು, ಶ್ರುತಿ ಪೆಟ್ಟಿಗೆ ಬೇಕಿಲ್ಲ.

ಮೂರನೇ ಕಾಲದ ಬಗ್ಗೆ ಒಂದು ಮಾತು. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ತಾಳದ ವೇಗ ಬದಲಾಗೋದಿಲ್ಲ. ಮೊದಲ ಕಾಲವನ್ನು ನೀವು ಬೇಗ ಹಿಡಿದರೆ ಮೂರನೆಯದು ಯಾರ ಗಂಟಲಿಗೂ ನಿಲುಕೋದಿಲ್ಲ. ಬಹಳ ಜನ ಮೊದಲ ಕಾಲ ಬೇಸರ ಅಂತ ಓಡಿಸುತ್ತಾರೆ. ನಿಧಾನವಾಗಿ ಹಿಡಿದು ನೋಡಿ.

ಮತ್ತೆ, ನಿಮ್ಮ ಶ್ರುತಿ, ಅಂದರೆ ನೀವು ಸ ಹಿಡಿಯುವ ಎತ್ತರ, ಎಷ್ಟು ಅಂತ ಬರೆದಿಲ್ಲ. ಗಂಟಲು ಕಟ್ಟುತ್ತದೆ ಅಂದಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಎಷ್ಟು ಮನೆ ಶ್ರುತಿಯಲ್ಲಿ ಹಾಡುತ್ತೀರಿ?

ಪೀಣ್ಯ ಶಿಫ್ಟು:

ಮೇಡಂ, ನನಗೆ ಸಂಗೀತ ಗೊತ್ತಿಲ್ಲ. ದೊಡ್ಡವರಾದ ಮೇಲೆ ಕಲಿತವರು ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ.

ನಾನು ಮಾಮೂಲಿ ಲೇಥ್ ಮೇಲೆ ಕೆಲಸ ಮಾಡಿಕೊಂಡಿದ್ದವನು. ಫ್ಯಾಕ್ಟರಿಗೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯೋ ಸಿಎನ್‌ಸಿ ಮಿಷನ್ ಬಂತು. ಮೊದಲು ಬರೀ ಜಾಬ್, ಅಂದ್ರೆ ಕತ್ತರಿಸಬೇಕಾದ ಲೋಹದ ತುಂಡು, ಲೋಡ್ ಮಾಡೋದು, ಬಟನ್ ಒತ್ತೋದು, ಅಳತೆ ನೋಡೋದು ಅಷ್ಟೇ ನಮ್ಮ ಕೆಲಸ. ಪ್ರೋಗ್ರಾಂ ಬರೆಯೋರು ಬೇರೆ, ಅವರು ಡಿಪ್ಲೊಮಾ ಹುಡುಗರು. ನನಗೆ ಅದು ಕಲೀಲೇಬೇಕು ಅನ್ನಿಸ್ತು. ಕ್ಲಾಸಿಗೆ ಹೋಗೋಕೆ ಶಿಫ್ಟ್ ಬಿಡಲ್ಲ, ಮನೆಗೆ ಹೋಗಿ ಓದ್ತೀನಿ ಅಂದ್ರೆ ಕಣ್ಣು ಬಿಡಲ್ಲ.

ನನಗೆ ಸಿಕ್ಕಿದ್ದು ಸೈಕಲ್ ಟೈಮ್. ಜಾಬ್ ಹಾಕಿ ಬಾಗಿಲು ಮುಚ್ಚಿದ್ರೆ ಅದು ಮುಗಿಯೋವರೆಗೆ ಆಪರೇಟರ್ ನಿಂತಿರ್ತಾನೆ. ಸ್ಕ್ರೀನ್ ಮೇಲೆ ಪ್ರೋಗ್ರಾಂ ಸಾಲು ಸಾಲಾಗಿ ಹೋಗ್ತಿರುತ್ತೆ. ಜಿ00 ಬಂದ್ರೆ ಟೂಲ್ ಗಾಳಿಯಲ್ಲಿ ಬೇಗ ಓಡುತ್ತೆ, ಜಿ01 ಬಂದ್ರೆ ಕೊಟ್ಟ ವೇಗ ಹಿಡಿದು ನೇರ ಕತ್ತರಿಸುತ್ತೆ, ಜಿ02 ಜಿ03 ಎರಡೂ ಬಾಗಿದ ಗೆರೆಗೆ, ಒಂದು ಗಡಿಯಾರದ ದಿಕ್ಕಿಗೆ, ಇನ್ನೊಂದು ಉಲ್ಟಾ. ನಾನು ಏನು ಮಾಡ್ತಿದ್ದೆ ಅಂದ್ರೆ, ಮುಂದಿನ ಸಾಲು ಓದಿ ಟೂಲ್ ಈಗ ಎಲ್ಲಿಗೆ ಹೋಗುತ್ತೆ ಅಂತ ಮನಸ್ಸಲ್ಲೇ ಹೇಳ್ಕೊಂಡು, ಆಮೇಲೆ ಗಾಜಿನೊಳಗೆ ನೋಡ್ತಿದ್ದೆ. ಸರಿ ಹೋದ್ರೆ ಸರಿ. ಬೇರೆ ಕಡೆ ಹೋದ್ರೆ ಆ ಸಾಲು ಜೇಬಲ್ಲಿರೋ ಚಿಕ್ಕ ನೋಟ್‌ಬುಕ್‌ಗೆ ಬರ್ಕೊಳ್ತಿದ್ದೆ, ಟೀ ಬ್ರೇಕಲ್ಲಿ ಡಿಪ್ಲೊಮಾ ಹುಡುಗನ್ನ ಕೇಳ್ತಿದ್ದೆ. ನನಗಿಂತ ತುಂಬಾ ಚಿಕ್ಕವನು. ಕೇಳೋಕೆ ನನಗೆ ಏನೂ ಅನ್ನಿಸಲಿಲ್ಲ, ಗೊತ್ತಿರೋನು ಗುರು. ಅವನೂ ಒಳ್ಳೇ ಹುಡುಗ, ಬಿಡಿಸಿ ಹೇಳ್ತಿದ್ದ. ಈಗ ಸಣ್ಣಪುಟ್ಟ ಜಾಬಿಗೆಲ್ಲ ನಾನೇ ಪ್ರೋಗ್ರಾಂ ಬರೀತೀನಿ.

ನಾನು ಹೇಳೋದೇನಂದ್ರೆ ಹುರುಪು ಬರ್ಲಿ ಅಂತ ಕಾಯಬೇಡಿ ಮೇಡಂ. ದಿನದಲ್ಲಿ ಯಾವ ಹೊತ್ತು ಹೇಗಿದ್ರೂ ನಿಮ್ಮ ಕೈಲಿರುತ್ತೆ ನೋಡಿ, ಅದರಲ್ಲಿ ಹಿಡಿಯುವಷ್ಟೇ ಕೆಲಸ ಇಟ್ಕೊಳ್ಳಿ. ಮೇಲಿನವರು ಹೇಳಿದ ಕೈ ಲೆಕ್ಕ ಅಂಥದ್ದೇ ಅನ್ಸುತ್ತೆ.

ಗಾಂಧಿಬಜಾರ್ ಅಜ್ಜಿ:

ತಂಗೀ, ನಾನು ನಿವೃತ್ತಿಯಾದ ಮೇಲೆ ವೀಣೆ ಕಲಿಯಲು ಕೂತವಳು. ನನ್ನ ಮಾತು ಸ್ವಲ್ಪ ಬೇರೆ. ಒಂದು ಗುರಿ ಇಟ್ಟುಕೊಳ್ಳಿ. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಿ. ಪ್ರಾಯೋಗಿಕವೂ ಇರುತ್ತದೆ, ಶಾಸ್ತ್ರವೂ ಇರುತ್ತದೆ. ನನಗೆ ಶಾಸ್ತ್ರ ಓದಿದ ಮೇಲೆ ಬಾರಿಸುವುದರಲ್ಲಿ ಎಷ್ಟೋ ರುಚಿ ಬಂತು. ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲೇ ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ವೀಣೆಯ ಮೆಟ್ಟಿಲ ಮೇಲೆ ನೋಡಿದಾಗ ಸರಿಗಮ ಎಷ್ಟು ಅಂತರದಲ್ಲಿ ಇದೆಯೋ ಪದನಿಸ ಅಷ್ಟೇ ಅಂತರದಲ್ಲಿ ಇದೆ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧದ ಅಳತೆ ಕೈಗೆ ಗೊತ್ತಾಗಿಬಿಟ್ಟಿರುತ್ತದೆ! ಪುರಂದರದಾಸರೇ ಈ ಕ್ರಮ ಹಾಕಿಕೊಟ್ಟರು ಅಂತ ನಮ್ಮ ಸಂಪ್ರದಾಯ ನಂಬಿಕೊಂಡು ಬಂದಿದೆ. ಅವತ್ತಿನಿಂದ ಸರಳೆ ವರಸೆ ನನಗೆ ಬೇಸರವಾಗಿಲ್ಲ.

ಇನ್ನು ಮಕ್ಕಳ ವಿಷಯ. ಅವರು ಗೀತೆಗೆ ಹೋಗಿದ್ದಾರಲ್ಲ, ಮೊದಲು ಕಲಿಸುವ ಪಿಳ್ಳಾರಿ ಗೀತೆಗಳು ಇರುವ ಮಲಹರಿ ರಾಗ ನಿಮ್ಮ ಮಾಯಾಮಾಳವಗೌಳದ್ದೇ ಜನ್ಯ, ಅಂದರೆ ಅದರಿಂದ ಹುಟ್ಟಿದ್ದು. ನಿಷಾದ (ನಿ) ಇಲ್ಲ, ಗಾಂಧಾರ (ಗ) ಇಳಿಯುವಾಗ ಮಾತ್ರ. ಅವರು ಹಾಡುವಾಗ ಸುಮ್ನೆ ಕೂರಬೇಡಿ, ಗ ಎಲ್ಲಿ ಬಂತು ಅಂತ ಕಿವಿಯಲ್ಲಿ ಹುಡುಕಿ. ನಿಮ್ಮ ಪಾಠವೂ ನಡೆದಂತೆ ಆಗುತ್ತದೆ.

ಸೈಕಾಲಜಿ ಮೇಷ್ಟ್ರು:

ಅಜ್ಜಿಯವರ ಮಾತಿಗೆ ಗೌರವವಿದೆ, ಆದರೆ ಪರೀಕ್ಷೆಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು, ಪರೀಕ್ಷೆಗೋಸ್ಕರ ಮಾತ್ರ ಓದಿದ್ದು ಪರೀಕ್ಷೆ ಮುಗಿದ ಮರುದಿನಕ್ಕೆ ಏನಾಗುತ್ತದೆ ಅಂತ ಪ್ರತಿ ವರ್ಷ ನೋಡುತ್ತೇನೆ. ಇವರಿಗೆ ಸಂಗೀತದ ಮೇಲೆ ಆಸೆ ಇದೆ. ಅದರ ಮೇಲೆ ಈಗಲೇ ತಾರೀಖು, ಅಂಕ ಹೇರುವುದು ಬೇಡ. ಗೀತೆ, ಸ್ವರಜತಿ ಆಗಲಿ, ಆಮೇಲೆ ಯೋಚಿಸಬಹುದು.

21 ದಿನ ಬಿಡದೆ ಮಾಡಿದರೆ ಯಾವುದಾದರೂ ಅಭ್ಯಾಸವಾಗುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದಲ್ಲ, ಅದನ್ನು ನಂಬಿ ಎಷ್ಟೋ ಜನ 22ನೇ ದಿನ ನನ್ನ ಕೈಲಿ ಆಗಲ್ಲ ಅಂತ ಬಿಡುತ್ತಾರೆ. ಅದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಸಂಗೀತಕ್ಕೂ ಅದಕ್ಕೂ ಏನು ಸಂಬಂಧ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಂದು ಕೆಲಸ ಯೋಚನೆ ಮಾಡದೆ ತಾನಾಗೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ವ್ಯತ್ಯಾಸ ನೋಡಿ, ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ ಆಗುವ ಅಂದಾಜು. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಅವರೆಲ್ಲ ಮಾಡಿದ್ದು ಒಂದೇ ಉಪಾಯ. ದಿನವೂ ಆಗೇ ಆಗುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕಿದರು. ಕಾಫಿ ಲೋಟ ತೊಳೆದಿಟ್ಟ ತಕ್ಷಣ ಒಂದು ಅಲಂಕಾರ, ಮೊದಲ ಕಾಲ ಮಾತ್ರ. ಮನಸ್ಸು ಬಂದರೆ ಮುಂದುವರಿಸಿ, ಬರದಿದ್ದರೆ ಎದ್ದು ಹೋಗಿ. ಎದ್ದು ಹೋದೆ ಅಂತ ಬೇಸರ ಮಾಡಿಕೊಳ್ಳಬೇಡಿ, ಅವತ್ತಿನ ಲೆಕ್ಕ ಮುಗಿದಿದೆ.

ಪೀಣ್ಯದವರು ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಮೊದಲು ಊಹಿಸಿ ಆಮೇಲೆ ನೋಡುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಕಂಡದ್ದು ಹೆಚ್ಚು ಕಡಿಮೆ ಇದೇ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಹೇಳಿದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಜಾಸ್ತಿ ಹೇಳಿದರು. ನೀವೂ ಪುಸ್ತಕ ನೋಡಿಕೊಂಡು ಹಾಡುತ್ತಿದ್ದರೆ ಮುಚ್ಚಿಟ್ಟು ಹಾಡಿ ನೋಡಿ. ಮೊದಲು ಕಷ್ಟ ಅನ್ನಿಸುತ್ತದೆ, ಅನ್ನಿಸಲಿ.

ಭದ್ರಾನಾಲೆ:

ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ಕಣ್ಣು ತುಂಬಿ ಬಂತು. ಝಂಪೆಯ ಕೈ ಲೆಕ್ಕ ನಿನ್ನೆಯಿಂದ ಶುರು ಮಾಡಿದ್ದೇನೆ. ಎರಡನೇ ಕಿರುಬೆರಳಲ್ಲೇ ತೊಡರುತ್ತಿದ್ದೆ, ನಿಜ. ಮಗಳು ನೋಡಿ ಏನಮ್ಮ ಅದು ಅಂದಳು. ತೋರಿಸಿಕೊಟ್ಟೆ, ಇಬ್ಬರೂ ಸೇರಿ ಎಣಿಸಿದೆವು.

ಅಜ್ಜಿ, ಪರೀಕ್ಷೆ ಬಗ್ಗೆ ಇನ್ನೂ ಮನಸ್ಸು ಮಾಡಿಲ್ಲ. ಶಾಸ್ತ್ರದ ಪುಸ್ತಕ ಮಾತ್ರ ತರಿಸುತ್ತೇನೆ. ಸರಿಗಮ, ಪದನಿಸ ಒಂದೇ ಅಳತೆ ಅನ್ನೋದು ಗೊತ್ತಾಗಿ ಇವತ್ತು ಅದನ್ನೇ ಹಾಡಿಕೊಂಡು ಕೂತಿದ್ದೆ, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಮೈಸೂರಿನವರಿಗೆ: ತರಗತಿಯಲ್ಲಿ ಐದೂವರೆ ಮನೆ. ಮಕ್ಕಳೇ ಜಾಸ್ತಿ ಇರೋದರಿಂದ ಅವರಿಗೆ ಹೊಂದುವ ಹಾಗೆ ಇಟ್ಟಿದ್ದಾರೆ. ಮನೆಯಲ್ಲೂ ಅದೇ ಇಡುತ್ತೇನೆ. ಮೇಲಿನ ಷಡ್ಜ (ಸ) ಮುಟ್ಟುತ್ತೇನೆ, ಅದರಾಚೆ ಕತ್ತು ಬಿಗಿಯುತ್ತದೆ. ಇದು ಅಭ್ಯಾಸ ಆಗುತ್ತಾ ಸಡಿಲವಾಗುತ್ತದೆ ಅಂದುಕೊಂಡಿದ್ದೆ. ಮನೆಯಲ್ಲಿ ಇಳಿಸಿ ಹಾಡಿದರೆ ತರಗತಿಯಲ್ಲಿ ಗೊಂದಲ ಆಗೋದಿಲ್ವಾ?

ಮಂದ್ರಪಂಚಮ:

ಅದೇ ಅನುಮಾನ ಇತ್ತು. ಐದೂವರೆ ಮಕ್ಕಳಿಗೆ ಸರಿ, ಕೆಲವು ಹೆಂಗಸರಿಗೂ ಸರಿ, ನಿಮ್ಮ ಗಂಟಲಿಗೆ ಎತ್ತರ ಅಂತ ಕಾಣುತ್ತದೆ. ಕತ್ತು ಬಿಗಿದುಕೊಂಡು ದಿನಾ ಹಾಡಿದರೆ ಬಿಗಿಯುವುದೇ ರೂಢಿಯಾಗುತ್ತದೆ. ಬೆಳಿಗ್ಗೆ ತಂಬೂರಿ ಹಾಕಿದ ಮೇಲೆ ಮನಸ್ಸು ಬರೋದಿಲ್ಲ ಅಂದಿರಲ್ಲ, ಅದರಲ್ಲಿ ಗಂಟಲಿನ ಪಾಲೂ ಇರಬೇಕು. ನೋವು ಕೊಡುವ ಕೆಲಸಕ್ಕೆ ಮೈ ಮುಂದೆ ಬರೋದಿಲ್ಲ.

ಆ್ಯಪ್‌ನಲ್ಲಿ ಐದು ಮನೆಗೆ ಇಳಿಸಿ. ಷಡ್ಜದಿಂದ ಕೆಳಗೆ ಮಂದ್ರದ ಪಂಚಮಕ್ಕೆ (ಕೆಳಗಿನ ಪ) ಹೋಗಿ, ದನಿ ಕೇಳಿಸುವ ಹಾಗೆ ನಿಲ್ಲಬೇಕು, ಬರೀ ಗಾಳಿ ಬರಬಾರದು. ಆಮೇಲೆ ಮೇಲೆ ತಾರದ ಗಾಂಧಾರದವರೆಗೆ (ಮೇಲಿನ ಸ ದಾಟಿದ ಗ) ಹೋಗಿ, ಗದ್ದ ಎತ್ತದೆ. ಮೇಲೆ ಇನ್ನೂ ಬಿಗಿದರೆ ನಾಲ್ಕೂವರೆ. ಕೆಳಗೆ ದನಿ ಸಿಗದಿದ್ದರೆ ಅರ್ಧ ಮನೆ ಏರಿಸಿ. ಎರಡೂ ಕಡೆ ಸಲೀಸಾಗಿ ಹೋಗಿಬರುವುದು ಎಲ್ಲಿಯೋ ಅದು ನಿಮ್ಮ ಶ್ರುತಿ. ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೂರು ಶ್ರುತಿಯದ್ದೂ.

ಮನೆಯಲ್ಲಿ ಒಂದು, ತರಗತಿಯಲ್ಲಿ ಒಂದು ಆದರೆ ಕಲಿತ ವರಸೆ ಕೆಡೋದಿಲ್ಲ, ಸ್ವರಗಳ ನಡುವಿನ ಅಂತರ ಎಲ್ಲ ಶ್ರುತಿಯಲ್ಲೂ ಅದೇ. ಆದರೂ ಮೇಷ್ಟ್ರಿಗೆ ಹೇಳದೆ ಮಾಡಬೇಡಿ. ತರಗತಿ ಮುಗಿದ ಮೇಲೆ ರೆಕಾರ್ಡಿಂಗ್ ಕೇಳಿಸಿ, "ಮೇಷ್ಟ್ರೇ, ಈ ಮೂರರಲ್ಲಿ ನನ್ನ ದನಿ ಎಲ್ಲಿ ಚೆನ್ನಾಗಿ ಕೂತಿದೆ?" ಅಂತ ಕೇಳಿ. ವಾರಕ್ಕೊಂದು ಸಲ ಹತ್ತು ನಿಮಿಷ ನಿಮಗೊಬ್ಬರಿಗೇ ಬೇರೆ ಕೊಡೋಕೆ ಆಗುತ್ತಾ ಅಂತಲೂ ಕೇಳಿ ನೋಡಿ. ದೊಡ್ಡವರು ಬಾಯಿಬಿಟ್ಟು ಕೇಳಿದರೆ ನಮಗೆ ಖುಷಿಯೇ ಆಗುತ್ತದೆ. ಅವರು ಏನಂದರು ಅಂತ ಇಲ್ಲಿ ಬರೆಯಿರಿ.