ಪದಚರ್ಚೆ: ಬೂಟ್‌ಲೋಡರ್‌ಗೆ ‘ಹೊಂದಾಣಿಕೆ’ ಸರಿಯೇ, ‘ಹೊಂದಿಕೆ’ ಸರಿಯೇ?

ಗೆಳೆಯರೇ,

ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವವರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಕಂಪ್ಯಾಟಿಬಲ್’ ಅನ್ನುವ ಮಾತಿನ ಹತ್ತಿರ ಗಾಡಿ ನಿಂತಿದೆ. ಎಲ್ಲರ ಹಾಗೆ ನಾನೂ ‘ಹೊಂದಾಣಿಕೆ’ ಎಂದೇ ಬರೆದಿದ್ದೆ.

ಅಷ್ಟರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಹಳೆ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ತಪ್ಪು ನನ್ನದೇ. ಹೊಸ ಲಿನಕ್ಸಿನ ಪೆನ್‌ಡ್ರೈವ್ ಹಾಕಿ ಡಿಸ್ಕನ್ನು ಇಎಕ್ಸ್‌ಟಿ4 (ಫೈಲುಗಳನ್ನು ಜೋಡಿಸಿಡುವ ಒಂದು ವ್ಯವಸ್ಥೆ, ಅಂದರೆ ಫೈಲ್‌ಸಿಸ್ಟಮ್) ಆಗಿ ಫಾರ್ಮ್ಯಾಟ್ ಮಾಡಿದೆ. ಅದರ ಮೇಲೆ ಹಳೆಯ ಲಿನಕ್ಸ್ ಕೂರಿಸಿದೆ. ಅದರ ಬೂಟ್‌ಲೋಡರ್ (ಯಂತ್ರ ಆನ್ ಆದಾಗ ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಗ್ರಬ್ 2.06 ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದು ಹೇಳಿ ಸುಮ್ನೆ ಕೂತುಬಿಟ್ಟಿತು. ಡಿಸ್ಕನ್ನು ಹೀಗೆ ಫಾರ್ಮ್ಯಾಟ್ ಮಾಡುವ ತಂತ್ರಾಂಶದ 2023ರ ಆವೃತ್ತಿ ಇ2ಎಫ್‌ಎಸ್‌ಪ್ರಾಗ್ಸ್ 1.47.0 ‘ಮೆಟಾಡೇಟಾ ಚೆಕ್‌ಸಮ್ ಸೀಡ್’ ಎಂಬ ಸೌಲಭ್ಯವನ್ನು ನಾವು ಕೇಳದಿದ್ದರೂ ಆನ್ ಮಾಡುತ್ತದೆ. ಹಳೆ ಗ್ರಬ್‌ಗೆ ಅದರ ಗುರುತಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಗುರುತಿದೆ, ಆದರೆ ಕರ್ನಲನ್ನು ಎಬ್ಬಿಸಬೇಕಾದದ್ದೇ ಗ್ರಬ್! ಟ್ಯೂನ್2ಎಫ್‌ಎಸ್ ಎಂಬ ಸಲಕರಣೆ ಬಳಸಿ ಆ ಸೌಲಭ್ಯ ಆಫ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಎದ್ದಿತು.

ಈಗ ಹೇಳಿ, ಇದು ಹೊಂದಾಣಿಕೆಯೇ? ಆ ಮಾತಿನಲ್ಲಿ ಇಬ್ಬರೂ ಒಂದಿಷ್ಟು ಬಿಟ್ಟುಕೊಡುವ ಅರ್ಥ ಇದೆ, ಅಲ್ವಾ? ಪಕ್ಷಗಳ ಸೀಟು ಹೊಂದಾಣಿಕೆ, ಗಂಡ ಹೆಂಡಿರ ಹೊಂದಾಣಿಕೆ. ನಮ್ಮ ಸಿಟಿ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಪಕ್ಕದವರು ಒಂದಿಂಚಾದರೂ ಸರಿಯುತ್ತಾರೆ. ಗ್ರಬ್ ಕೂದಲೆಳೆಯಷ್ಟೂ ಸರಿಯಲಿಲ್ಲ. ಕೀಲಿ ಬೀಗಕ್ಕೆ ಹೊಂದುತ್ತದೆ, ಅದರ ಜೊತೆ ಹೊಂದಾಣಿಕೆ ಮಾಡಿಕೊಳ್ಳುವುದಿಲ್ಲ. ಹಾಗಾಗಿ ನನ್ನ ಓಟು ‘ಹೊಂದಿಕೆ’ಗೆ.

‘ಅನ್‌ನೋನ್’ ಅನ್ನುವುದಕ್ಕೆ ‘ಅಪರಿಚಿತ’ ಬೇಡ. ಇಎಕ್ಸ್‌ಟಿ4 ಗ್ರಬ್‌ಗೆ ಅಪರಿಚಿತವೇನಲ್ಲ, ಈ ಸಲ ಓದಲು ಬರಲಿಲ್ಲ ಅಷ್ಟೆ. ‘ಓದಲು ಬಾರದ ಕಡತ ವ್ಯವಸ್ಥೆ’ ಎಂದು ಬರೆದಿದ್ದೇನೆ. (ಕಡತ ಎಷ್ಟು ಒಳ್ಳೆಯ ಮಾತು ನೋಡಿ. ಇದ್ದಿಲು, ಹುಣಸೆಬೀಜದ ಅಂಟು ಬಳಿದ ಬಟ್ಟೆಯ ಮಡಿಕೆ ಅದು. ಬಳಪದಲ್ಲಿ ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತು. ಡಿಸ್ಕೂ ಹಾಗೇ ಅಲ್ವಾ?)

ನಿಜವಾದ ತೊಡಕು ಮುಂದಿದೆ. ಗುರುತಿಲ್ಲದ ಸೌಲಭ್ಯ ಕಂಡರೆ ತಂತ್ರಾಂಶ ಏನು ಮಾಡಬೇಕು ಎಂದು ತಿಳಿಸಲು ಇಎಕ್ಸ್‌ಟಿ4 ತನ್ನ ಸೌಲಭ್ಯಗಳನ್ನು ಮೂರು ಗುಂಪು ಮಾಡಿದೆ. ‘ಕಂಪ್ಯಾಟ್’ ಆದರೆ, ಗುರುತಿಲ್ಲದಿದ್ದರೂ ಓದು, ಬರೆ. ‘ಆರ್‌ಓ ಕಂಪ್ಯಾಟ್’ ಆದರೆ ಓದು, ಬರೆಯಬೇಡ. ‘ಇನ್‌ಕಂಪ್ಯಾಟ್’ ಆದರೆ ಕೈಯನ್ನೇ ಹಾಕಬೇಡ. ನನ್ನನ್ನು ಕಾಡಿದ್ದು ಈ ಮೂರನೆಯದು. ಮೊದಲಿನ ಎರಡರಿಂದ ಗ್ರಬ್‌ಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಅದು ಬರೀ ಓದುವ ಗಿರಾಕಿ.

ಮೊದಲನೆಯದು ‘ಹೊಂದುವ’, ಕೊನೆಯದು ‘ಹೊಂದದ’. ಕೊನೆಯದಕ್ಕೆ ‘ಮುಟ್ಟಬಾರದ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಆ ಮಾತಿಗೆ ನಮ್ಮಲ್ಲಿ ಬೇರೆಯದೇ ಗಾಯ ಅಂಟಿದೆ, ಬೇಡವೆಂದೆ. ನಡುವಿನದಕ್ಕೆ ‘ಓದಿಗಷ್ಟೇ ಹೊಂದುವ’ ಎಂದು ಹಾಕಿದ್ದೇನೆ. ಇದು ಉದ್ದವಾಯಿತು. ‘ಓದುಹೊಂದಿಕೆ’ ಎಂದರೆ ಓದುವವರಿಗೆ ತಿಳಿದೀತೇ? ಇದಕ್ಕಿಂತ ಚಿಕ್ಕದು ನಿಮ್ಮಲ್ಲಿ ಇದೆಯೇ?